ಐಕ್ಯತಾ ಸಮಿತಿಯ ಮಾವಿನಹಣ್ಣು

ನಸೀರ್‌ಗಂಜ್ ಪಟ್ಟಣದಲ್ಲಿ ಹಿಂದೂ-ಮುಸ್ಲಿಂ ಐಕ್ಯತೆ ಇದೆಯೆಂದು ಸಾಬೀತಾದ ಕೂಡಲೇ ಪುರಸಭೆಯ ಆಡಳಿತವನ್ನು ಜನರ ಕೈಗೊಪ್ಪಿಸಲಾಗುವುದೆಂದು ಘನ ಸರ್ಕಾರವು ಅಪ್ಪಣೆ ಕೊಡಿಸಿತು. ಒಡನೆಯೇ ಐಕ್ಯತಾ ಸಮಿತಿ ಹುಟ್ಟಿತು. ಅಧ್ಯಕ್ಷರು ಯಾರೆಂಬ ವಿಷಯದಲ್ಲಿ ಎರಡೂ ಕಡೆಯವರು ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ, ಯಾರಿಗೂ ಬೇಡದ ಕಲೆಕ್ಟರ್ ಪಿಲಿಂಗ್ ದೊರೆಗಳನ್ನು ಒಮ್ಮತದಿಂದ ಆರಿಸಲಾಯಿತು.

ಐಕ್ಯತೆಗೆ ಪುರಾವೆ ಬೇಕಲ್ಲ? ಊರೆಲ್ಲ ಜಾಲಾಡಿದಾಗ ಸಿಕ್ಕಿದವರು ಹಕೀಮ್ ನಜಾಬತ್ ಅಲಿ. ಪಾಪ, ಯಾರ ತಂಟೆಗೂ ಹೋಗದ ಮನುಷ್ಯ. ಬೇಸಿಗೆ ಬಂತೆಂದರೆ ಸಂಜೆ ಪಕ್ಕದ ಮನೆಯ ಮುನ್ಶಿ ಜಗದಂಬಾ ಪ್ರಸಾದರ ಜೊತೆ ಅಂಗಳದಲ್ಲಿ ಕೂತು, ಬಕೆಟ್ಟಿನ ನೀರಲ್ಲಿ ನೆನೆಹಾಕಿದ ದಶಹರಿ ಮಾವು ಚೀಪುವುದು, ಪರಸ್ಪರ ಬೈದಾಡಿಕೊಂಡು ನಗುವುದು, ಇಷ್ಟೇ. ಹೆಂಡತಿ ತೀರಿಕೊಂಡ ಮೇಲೆ ಹಕೀಮರಿಗೆ ಬದುಕಿದ್ದೇನೆ ಅನ್ನಿಸುತ್ತಿದ್ದ ಹೊತ್ತು ಅದೊಂದೇ.

"ಟೌನ್ ಹಾಲಲ್ಲಿ ಎಲ್ರೆದುರಿಗೆ ತಿನ್ಬೇಕಂತೆ ಕಣೋ," ಎಂದರು ಹಕೀಮರು.

"ತಿನ್ನೋದು ತಾನೆ, ಎಲ್ಲಾದ್ರೇನು? ನೀನು ದಪ್ಪದ್ದನ್ನೆಲ್ಲ ಆರಿಸ್ಕೊಳ್ದಿದ್ರೆ ಸಾಕು," ಎಂದರು ಮುನ್ಶಿ.

ಪೂರ್ವಭಾವಿ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು, "ಬಕೆಟ್ಟಲ್ಲಿರೋದು ಯಾವ ನೀರು ಸ್ವಾಮಿ? ಹಿಂದೂ ನೀರೋ, ಮುಸ್ಲಿಂ ನೀರೋ?" ಎಂದು ಕೇಳಿದರು. ರೈಲು ನಿಲ್ದಾಣದಲ್ಲಿ ಎರಡೂ ಬೇರೆ ಬೇರೆ ಮಡಕೆಯಲ್ಲಿ ಸಿಗುತ್ತಿದ್ದುದರಿಂದ ಪ್ರಶ್ನೆ ನ್ಯಾಯವಾದದ್ದೇ.

"ಬಾವಿ ನೀರು," ಎಂದರು ಹಕೀಮರು.

ಉತ್ತರ ತೃಪ್ತಿಕರವಾಗಿಲ್ಲವೆಂದು ಸಭೆ ಅಭಿಪ್ರಾಯಪಟ್ಟಿತು. ಮರುದಿನ ಪ್ರಕಟಣೆ ಹೊರಬಿತ್ತು: "ಐಕ್ಯತೆಯ ಹಿತದೃಷ್ಟಿಯಿಂದ ಬಕೆಟ್ಟುಗಳು ಎರಡಿರತಕ್ಕದ್ದು. ನಡುವೆ ಪರದೆ ಇಳಿಬಿಡತಕ್ಕದ್ದು. ಉಭಯತ್ರರೂ ಏಕಕಾಲಕ್ಕೆ ಚೀಪತಕ್ಕದ್ದು. ಮಾತುಕತೆ ಅಧ್ಯಕ್ಷರ ಮೂಲಕವೇ ನಡೆಯತಕ್ಕದ್ದು. ಬೈಗುಳಕ್ಕೆ ಪೂರ್ವಾನುಮತಿ ಅಗತ್ಯ. ಅನಧಿಕೃತ ಐಕ್ಯತೆಯಿಂದ ಪುರಾವೆ ಕೆಡುವ ಸಂಭವವಿರುವುದರಿಂದ, ಪ್ರದರ್ಶನದ ದಿನದವರೆಗೆ ಮನೆಯಂಗಳದಲ್ಲಿ ತಿನ್ನುವುದನ್ನು ನಿಷೇಧಿಸಲಾಗಿದೆ."

ಇಬ್ಬರೂ ದಿನವೂ ಟೌನ್ ಹಾಲಿಗೆ ಹೋಗಿ ತಾಲೀಮು ಮಾಡಿದರು. ಹಕೀಮರಿಗೆ ಮೊದಮೊದಲು ಗಂಟಲಲ್ಲಿ ಹಣ್ಣು ಇಳಿಯಲಿಲ್ಲ. ಆಮೇಲೆ ಇಳಿಯಿತು.

ಪ್ರದರ್ಶನದ ದಿನ ಟೌನ್ ಹಾಲ್ ಕಿಕ್ಕಿರಿದಿತ್ತು. ದೊರೆಗಳು ಗಂಟೆ ಬಾರಿಸಿದರು. ಪರದೆಯಾಚೆಯಿಂದ ಮುನ್ಶಿ ಅಭ್ಯಾಸಬಲದಿಂದ, "ಹೆಂಗಿದ್ಯೋ ನಿಂದು? ನಂದು ಸಪ್ಪೆ," ಎಂದುಬಿಟ್ಟರು. ಸಭೆಯ ಕಣ್ಣೆಲ್ಲ ಅಧ್ಯಕ್ಷರ ಕಡೆ ತಿರುಗಿತು.

ಹಕೀಮರು ಬಾಯಿ ಒರೆಸಿಕೊಂಡು ಎದ್ದು ನಿಂತರು. "ಮಾನ್ಯ ಅಧ್ಯಕ್ಷರೇ, ನನ್ನದೂ ಸಪ್ಪೆಯೆಂದು ಆ ಬದಿಯವರಿಗೆ ತಿಳಿಸೋಣವಾಗಲಿ."

ಚಪ್ಪಾಳೆಯೋ ಚಪ್ಪಾಳೆ. ದೊರೆಗಳು ತೀರ್ಪು ಓದಿದರು: ಐಕ್ಯತೆ ಪರಿಪೂರ್ಣವಾಗಿದೆ, ಆದರೆ ಅದು ಅಧ್ಯಕ್ಷರಿಲ್ಲದೆ ನಿಲ್ಲದೆಂಬುದೂ ಸಾಬೀತಾಗಿರುವುದರಿಂದ ಪುರಸಭೆಯು ಅಧ್ಯಕ್ಷರ ಬಳಿಯೇ ಉಳಿಯತಕ್ಕದ್ದು. ಎರಡೂ ಕಡೆಯವರು ಪೈಪೋಟಿಯ ಮೇಲೆ ವಂದನೆ ಸಲ್ಲಿಸಿದರು.

ಮರುಸಂಜೆ ನಿಷೇಧ ತೆರವಾಗಿತ್ತು. ಮುನ್ಶಿ ಒಂದೇ ಬಕೆಟ್ಟು ತುಂಬ ಹಣ್ಣು ಹೊತ್ತು ಅಂಗಳಕ್ಕೆ ಬಂದರು. ಹಕೀಮರು ಒಂದು ಹಣ್ಣು ಎತ್ತಿಕೊಂಡರು, ಹಿಸುಕಿದರು, ಮತ್ತೆ ನೀರಿಗೇ ಬಿಟ್ಟರು.

"ಅಧ್ಯಕ್ಷರಿಲ್ದೆ ಹೆಂಗೋ ಶುರು ಮಾಡೋದು?"

"ನಂಗೂ ಹಂಗೇ ಅನ್ನಿಸ್ತು," ಎಂದರು ಮುನ್ಶಿ. "ಹೇಳಿ ಕಳ್ಸಿದೀನಿ. ದೊರೆಗಳು ಊಟ ಮುಗಿಸ್ಕೊಂಡು ಬರ್ತಾರಂತೆ."

ಇಬ್ಬರೂ ಬಾಗಿಲ ಕಡೆ ನೋಡುತ್ತ ಕೂತರು.