ಒರೆ ಬದಲಾದ ಕತ್ತಿಗಳು

ನಮ್ಮ ಸೋದರಮಾವನ ಮನೆಗೆ ಕಳ್ಳರು ಬರುವುದಿಲ್ಲ. ಬಂದರೂ ಪಾಪ, ನಡುಮನೆಯ ಗೋಡೆ ನೋಡಿ ಅವರೇ ಪೊಲೀಸರನ್ನು ಕರೆಯುತ್ತಾರೆ! ಅವರ ಊರಾದ ಆವತಿಯಲ್ಲಿ ಮಿಕ್ಕವರ ಗೋಡೆಗೆ ದೇವರ ಕ್ಯಾಲೆಂಡರ್ ಇದ್ದರೆ, ಮಾವನ ಗೋಡೆಯ ತುಂಬ ಫಿಲಿಪ್ಪೀನ್ಸಿನ ಬುಡಕಟ್ಟು ಜನರ ಕತ್ತಿಗಳು. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದಾಗ ಒಂದೊಂದಾಗಿ ಕೊಂಡು ತಂದವು. ಹಾವಿನ ಹಾಗೆ ಬಳುಕುವ ಕ್ರಿಸ್, ಎಲೆಯಾಕಾರದ ಬಾರೊಂಗ್, ಬೆಟ್ಟದ ಜನ ಶತ್ರುವಿನ ತಲೆ ತೆಗೆಯುತ್ತಿದ್ದ ಕೊಡಲಿ. ಅವುಗಳ ಕೆಳಗೇ ನಮಗೆ ಊಟದ ತಟ್ಟೆ!

ಕತ್ತಿಯ ಊರು ಗೊತ್ತಾಗುವುದು ಹಿಡಿಯಿಂದ ಎನ್ನುವುದು ಮಾವನ ಸಿದ್ಧಾಂತ. ಹಿಡಿಯ ತುದಿ ಗಿಣಿಕೊಕ್ಕಿನಂತೆ ಬಾಗಿದ್ದರೆ ದಕ್ಷಿಣದ ದ್ವೀಪದ್ದು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾವೂ ಸುಖವಾಗಿ ಮುದ್ದೆ ನುಂಗುತ್ತಿದ್ದೆವು. ಹಿಂದೆ ಹಿಡಿದವನ ಕೈಗೆ ಸವೆದ ಜಾಗದ ಮೇಲೆ ಹೆಬ್ಬೆರಳಾಡಿಸಿ, "ಇವ್ನು ಎಡಚ ಕಣಮ್ಮಾ. ತೋರುಬೆರಳು ಮೊಂಡು. ಬಲು ಕೋಪಿಷ್ಠ," ಎನ್ನುತ್ತಿದ್ದರು. ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಗಿ ನಾನು ಗೋಡೆಗೆ ಒತ್ತಿ ಕೂರುತ್ತಿದ್ದೆ. ಗೋಡೆಯಲ್ಲೂ ಕತ್ತಿಗಳೇ!

ಈಚೆಗೆ ಮಾವನ ಕಣ್ಣು ಪೂರ್ತಿ ಹೋಯಿತು. ಈಗ ಬೆರಳಿಂದಲೇ ಎಲ್ಲರ ಗುರುತು; ಬೆರಳಿಗೂ ಮರೆವು ಬಂದರೆ ತನಗೆ ಯಾರೂ ಉಳಿಯುವುದಿಲ್ಲ ಎಂಬ ಭಯ ಅವರಿಗೆ. ಇದು ಗೊತ್ತಿದ್ದೂ ನಮ್ಮತ್ತೆ ಈ ಸಲದ ಆಯುಧಪೂಜೆಗೆ ಕತ್ತಿಗಳನ್ನೆಲ್ಲ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಕುಂಕುಮವಿಟ್ಟು, ಕೈಗೆ ಸಿಕ್ಕಿದ ಒರೆಗೆ ತುರುಕಿಬಿಟ್ಟರು. ತಲೆ ತೆಗೆಯುವ ಕೊಡಲಿಗೆ ಚೆಂಡುಹೂವಿನ ಹಾರ ಬೇರೆ!

"ಒರೆ ಬದ್ಲಾದ್ರೆ ಅವ್ರು ಸುಮ್ನಿರ್ತಾರೇನೇ?" ಮಾವ ನಡುಗಿದರು.

"ಯಾರ್ರೀ ಅವ್ರು?"

"ಕತ್ತಿಯವ್ರು."

ಅತ್ತೆ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡರು. ಕತ್ತಿ ಎತ್ತಿಕೊಡಲು ಉಳಿದವಳು ನಾನೊಬ್ಬಳೇ.

ಮಾವ ಚಾಪೆಯ ಮೇಲೆ ಕೂತು ಒಂದೊಂದೇ ಹಿಡಿ ಸವರುತ್ತ, "ನೀನ್ಯಾರಪ್ಪಾ?" ಎಂದು ಕೇಳಿ, ಕಿವಿಗೊಟ್ಟು ಕಾಯುತ್ತಿದ್ದರು. ಆಮೇಲೆ ಯಾರೋ ಉತ್ತರ ಕೊಟ್ಟಂತೆ "ಹೂಂ" ಎಂದು ಸರಿಯಾದ ಒರೆಗೆ ಸೇರಿಸುತ್ತಿದ್ದರು. ಹಾಡುಹಗಲಲ್ಲೇ ನನ್ನ ಮೈ ತಣ್ಣಗಾಗಿತ್ತು. ಎಡಗೈಯಲ್ಲಿ ಕೊಡಲಿ ಹಿಡಿದುಕೊಂಡೇ, ಮುಂದಿನ ಕತ್ತಿಗೆಂದು ಬಲಗೈಯಲ್ಲಿ ತಡಕಿದವರು ನನ್ನ ಕೈಯನ್ನೇ ಹಿಡಿದುಬಿಟ್ಟರು! ಅವರ ಹೆಬ್ಬೆರಳು ನನ್ನ ಬೆರಳಗಂಟುಗಳ ಮೇಲೆ ನಿಧಾನವಾಗಿ ಹರಿಯಿತು.

ಅವರು ಕೊಡಲಿ ಕೆಳಗಿಟ್ಟರು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.

"ಅಕ್ಕಾ, ಬಂದ್ಯಾ?"

ಅವರ ಅಕ್ಕ, ಎಂದರೆ ನನ್ನ ಅಮ್ಮ, ತೀರಿಕೊಂಡು ವರ್ಷಗಳೇ ಆಗಿವೆ. ಓಡಿಹೋಗಬೇಕಿತ್ತು. ಆದರೆ ನನ್ನ ಇನ್ನೊಂದು ಕೈಯನ್ನೂ ಅವರ ಕೈಮೇಲಿಟ್ಟೆ.

"ಬಂದೆ ಕಣೋ," ಎಂದೆ.