ಎಣ್ಣೆ ಜಾಸ್ತಿಯಾದ ಕಾರು

ಭೂಗೋಳದ ಮೇಷ್ಟ್ರ ಕಾರಿನ ಮೀಟರು ತೊಂಬತ್ತೊಂಬತ್ತು ಸಾವಿರ ದಾಟಿ ಮತ್ತೆ ಸೊನ್ನೆಗೆ ಬಂದದ್ದು ಒಂದಲ್ಲ, ಮೂರು ಸಲ. ನಾಲ್ಕನೆಯ ಸುತ್ತಿನಲ್ಲಿ ಅದು ಎಂಬತ್ತನಾಲ್ಕು ಸಾವಿರ ಮುಟ್ಟಿದ ದಿನ ಮೇಷ್ಟ್ರು ಸ್ಟಾಫ್ ರೂಮಿನ ನಡುವೆ ಎದ್ದು ನಿಂತು ಘೋಷಿಸಿಯೇಬಿಟ್ಟರು. ಭೂಮಿಯಿಂದ ಚಂದ್ರನಿಗೆ ಎಷ್ಟು ದೂರವೋ ಅಷ್ಟನ್ನೂ ತಮ್ಮ ಕಾರು ಓಡಿ ಮುಗಿಸಿದೆ, ಇನ್ನೇನಿದ್ದರೂ ವಾಪಸು ಪ್ರಯಾಣ! ಹಳೇ ಇಂಜಿನ್ನು ಕೈಕೊಡುತ್ತದೆ ಅನ್ನುವುದು ಸೋಮಾರಿಗಳ ಮಾತು, ನೋಡಿಕೊಳ್ಳುವ ಕೈ ಚೆನ್ನಾಗಿದ್ದರೆ ಕಾರಿಗೆ ಮುಪ್ಪೇ ಇಲ್ಲ. ಪಿ.ಟಿ. ಮೇಷ್ಟ್ರು ಜೋರಾಗಿ ಚಪ್ಪಾಳೆ ತಟ್ಟಿದರು. ಅವರಿಗೆ ದಿನಾ ಸಂಜೆ ಅದೇ ಕಾರಿನಲ್ಲಿ ಬಿಟ್ಟಿ ಸವಾರಿ.

ಮನೆಯಲ್ಲಿ ಅದೇ ಭಾಷಣವನ್ನು ಇನ್ನಷ್ಟು ಉದ್ದ ಮಾಡಿದರು. ಹೆಂಡತಿ ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡು, ಚಂದ್ರನ ಮೇಲೆ ಮೆಕ್ಯಾನಿಕ್ ಇದ್ದಾನೋ ಇಲ್ಲವೋ ಮೊದಲು ವಿಚಾರಿಸಿಕೊಳ್ಳಿ ಎಂದರು.

ಮೇಷ್ಟ್ರಿಗೆ ಈ ಉತ್ಸಾಹ ಸುಮ್ಮನೆ ಬಂದದ್ದಲ್ಲ. ಮಗಳಿಗೆ ದಿನ ತುಂಬುತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ ಆ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಇದೇ ಕಾರು. ಆಗಿನ್ನೂ ಅದಕ್ಕೆ ತಿಂಗಳು ತುಂಬಿರಲಿಲ್ಲ, ಸೀಟುಗಳಿಗೆ ಹೊಸ ರೆಕ್ಸಿನ್ ವಾಸನೆ. ನಾಲ್ಕು ಕಿಲೋಮೀಟರ್ ದಾರಿಗೆ ಮೇಷ್ಟ್ರು ಮುಕ್ಕಾಲು ಗಂಟೆ ತೆಗೆದುಕೊಂಡಿದ್ದರು. ಸೈಕಲ್ಲಿನವರು ಹಿಂದೆ ಹಾಕಿ ಹೋದರು, ಕೊನೆಗೆ ತರಕಾರಿ ಗಾಡಿ ತಳ್ಳುವವನೂ ಹಿಂದೆ ಹಾಕಿದ. ಮಗು ಬೆಚ್ಚಿಬಿದ್ದೀತೆಂದು ಹಾರನ್ನು ಒತ್ತಲಿಲ್ಲ. ರಸ್ತೆಗೆ ಅಡ್ಡ ಮಲಗಿದ್ದ ನಾಯಿಯನ್ನು ಕಿಟಕಿಯಿಂದ ತಲೆ ಹೊರಹಾಕಿ ಪಿಸುಮಾತಿನಲ್ಲಿ ಎಬ್ಬಿಸಿದ್ದರು. ಕನ್ನಡಿಯಲ್ಲಿ ಹೆಂಡತಿಯ ಮುಖ, ಅವಳ ತೋಳಿನಲ್ಲಿ ಅಂಗೈಯಷ್ಟೇ ಇದ್ದ ಇನ್ನೊಂದು ಮುಖ. ಆಮೇಲೆ ಆ ಕಾರಿನಲ್ಲಿ ಎಷ್ಟು ಬೆಟ್ಟ ಹತ್ತಿದರೋ, ಎಷ್ಟು ಸಮುದ್ರ ನೋಡಿದರೋ. ಆ ಮುಕ್ಕಾಲು ಗಂಟೆಗೆ ಮಾತ್ರ ಸಮನಾದದ್ದು ಸಿಕ್ಕಿರಲಿಲ್ಲ. ಆದ್ದರಿಂದ ಮೊಮ್ಮಗುವೂ ಇದೇ ಕಾರಿನಲ್ಲಿ ಮನೆಗೆ ಬರಬೇಕು. ಅಳಿಯನ ಬಳಿ ಥಳಥಳ ಹೊಳೆಯುವ ಹೊಸ ಕಾರಿದ್ದರೆ ಇರಲಿ, ಅದು ಪಕ್ಕದ ಜಿಲ್ಲೆಯನ್ನೂ ನೋಡಿಲ್ಲ, ಚಂದ್ರನ ಮಾತು ಹಾಗಿರಲಿ!

ಹೆಂಡತಿ ಒಂದು ತಿಂಗಳು ಮುಂಚೆಯೇ ಮಗಳ ಮನೆಗೆ ಹೊರಟರು. ಗೇಟಿನ ಬಳಿ ನಿಂತು ಹೇಳಿದ್ದು ಎರಡೇ ಮಾತು. "ಹಾಲು ಉಕ್ಕಿಸಬೇಡಿ. ಕಾರಿನ ತಂಟೆಗೆ ಹೋಗಬೇಡಿ, ಏನಾದ್ರೂ ಆದ್ರೆ ಗ್ರೀಸಣ್ಣನ ಹತ್ರ ಬಿಡಿ."

ಗ್ರೀಸಣ್ಣ ಎಂದರೆ ಆ ಕಾರನ್ನು ಮೊದಲಿನಿಂದ ಬಲ್ಲ ಮುದಿ ಮೆಕ್ಯಾನಿಕ್. ಆದರೆ ತಾವೇ ನೋಡಿಕೊಳ್ಳಬೇಕೆಂದು ಪಣ ತೊಟ್ಟವರಿಗೆ ಗ್ರೀಸಣ್ಣ ಯಾಕೆ? ಹಳೆಯ ಇಂಜಿನ್ನು ಎಣ್ಣೆ ಕುಡಿಯುತ್ತದೆ, ದಿನಾ ಅಳತೆ ನೋಡಬೇಕು ಎಂದು ಮೇಷ್ಟ್ರು ಎಲ್ಲೋ ಓದಿದ್ದರು. ದಿನಾ ಸಂಜೆ ಶಾಲೆಯಿಂದ ಬಂದವರೇ ಮನೆ ಮುಂದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಬಾನೆಟ್ಟು ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡುವರು. ಎಣ್ಣೆ ಕಡಿಮೆ! ಅರ್ಧ ಲೋಟ ಸುರಿಯುವರು. ಮರುದಿನ ನೋಡಿದರೆ ಮತ್ತೆ ಕಡಿಮೆ! ಮತ್ತೆ ಅರ್ಧ ಲೋಟ. ಎರಡು ವಾರದ ಹೊತ್ತಿಗೆ ಸೈಲೆನ್ಸರಿನಿಂದ ತೆಳ್ಳಗೆ ನೀಲಿ ಹೊಗೆ ಬರತೊಡಗಿತು. ಪಿ.ಟಿ. ಮೇಷ್ಟ್ರು ಕೆಮ್ಮುತ್ತಾ ಇದೇನು ಸಾರ್ ಅಂದರೆ, ಇಂಜಿನ್ನು ಎಣ್ಣೆ ಸುಡುತ್ತಿದೆ ಎಂದು ಮೇಷ್ಟ್ರು ಪಾಠ ಹೇಳಿದರು. ಸುಡುತ್ತಿದೆ ಎಂದಮೇಲೆ ಇನ್ನೂ ಹಾಕಬೇಕಲ್ಲ? ಅಂದಿನಿಂದ ಅರ್ಧ ಲೋಟ ಹೋಗಿ ಒಂದು ಲೋಟವಾಯಿತು. ಪಿ.ಟಿ. ಮೇಷ್ಟ್ರು ಬಸ್ಸಿಗೆ ಹೋಗತೊಡಗಿದರು.

ಹೆಣ್ಣು ಮಗು ಹುಟ್ಟಿತು. ತಾಯಿ ಮಗುವನ್ನು ತಮ್ಮ ಮನೆಗೆ ಕರೆತರುವ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಿಂದಿನ ಸೀಟಿಗೆ ಮೆತ್ತನೆಯ ಹೊದಿಕೆ ಹಾಸಿ, ಹೊರಡುವ ಮುನ್ನ ಕಾರಿಗೆ ಉದಾರವಾಗಿ ಎರಡು ಲೋಟ ಎಣ್ಣೆ ಎರೆದರು. ದಾರಿಯುದ್ದಕ್ಕೂ ಹಿಂದಿನ ವಾಹನಗಳು ಹಾರನ್ ಮಾಡುತ್ತಲೇ ಇದ್ದವು. ಇವರು ಕೈಬೀಸಿದರು.

ಆಸ್ಪತ್ರೆಯ ಪೋರ್ಟಿಕೋದಲ್ಲಿ ಕಾರು ನಿಂತಿತು. ಅದರ ಹಿಂದೆಯೇ ಬರುತ್ತಿದ್ದ ಹೊಗೆ ನಿಲ್ಲಲಿಲ್ಲ. ಕಾರನ್ನು, ಬಾಗಿಲನ್ನು, ಗಾಲಿಕುರ್ಚಿ ಹಿಡಿದು ನಿಂತಿದ್ದ ನರ್ಸನ್ನು ಒಂದೇ ಸಲಕ್ಕೆ ನುಂಗಿತು. ಮೇಷ್ಟ್ರು ಗಾಬರಿಯಿಂದ ಇಳಿದು ಬಾನೆಟ್ಟು ಎತ್ತುವುದಕ್ಕೂ ಕಾವಲುಗಾರ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಹಿಡಿದು ಓಡಿಬರುವುದಕ್ಕೂ ಸರಿಹೋಯಿತು. ಬೆಂಕಿಯಿಲ್ಲ ಮಾರಾಯ ಎಂದು ಹೇಳಲು ಬಾಯಿ ತೆರೆದರು. ಆ ಬಾಯಿಗೂ ಸಿಲಿಂಡರಿನ ಬಿಳಿ ಪುಡಿ ಬಿತ್ತು.

ಹೊಗೆ ತಿಳಿಯಾದಾಗ ಇಂಜಿನ್ನೂ ಮೇಷ್ಟ್ರೂ ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣ. ಗಾಜಿನ ಬಾಗಿಲಿನ ಒಳಗೆ ಮಗಳು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ನಗಿಸಬೇಡಿ ಅಪ್ಪ ಎಂದು ನಗುತ್ತಲೇ ಬೇಡುತ್ತಿದ್ದಳು. ಹೆಂಡತಿ ಮಗುವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹೇಳಿದರು: "ಈಗಷ್ಟೇ ಕಣ್ಣು ಬಿಟ್ಟಿದೆ ಕಣ್ರೀ. ಇಷ್ಟು ಬೇಗ ನಿಮ್ಮನ್ನ ತೋರಿಸೋದು ಬೇಡ."

ಮೊಮ್ಮಗಳು ಅಳಿಯನ ಹೊಸ ಕಾರಿನಲ್ಲಿ ಮನೆಗೆ ಹೋದಳು. ಅಳಿಯ ಒಳ್ಳೆಯವನು, ಹಾರನ್ ಒತ್ತಲಿಲ್ಲ, ನಿಧಾನವಾಗಿಯೇ ಹೋದ. ಅದೇ ದಾರಿಯಲ್ಲಿ ಮೇಷ್ಟ್ರು ಒಂದು ಟೆಂಪೋದ ಹಿಂದೆ ಹಗ್ಗಕ್ಕೆ ಕಟ್ಟಿಸಿಕೊಂಡ ಕಾರಿನ ಸ್ಟಿಯರಿಂಗ್ ಹಿಡಿದು ಗ್ಯಾರೇಜಿಗೆ ಹೋದರು. ಇಪ್ಪತ್ತಾರು ವರ್ಷದ ಹಿಂದಿನ ಕನ್ನಡಿಯಲ್ಲಿ ಈಗ ಕಾಣುತ್ತಿದ್ದದ್ದು ಖಾಲಿ ಹೊದಿಕೆ. ಮೇಷ್ಟ್ರ ಕಣ್ಣು ಉರಿಯಿತು. ಪುಡಿಯಿಂದ ಎಂದುಕೊಂಡರು.

ಗ್ರೀಸಣ್ಣ ಕಡ್ಡಿ ಎಳೆದು ನೋಡಿ, ಒರೆಸಿ, ಮತ್ತೆ ನೋಡಿದ. ಆಮೇಲೆ ಸಾವಕಾಶವಾಗಿ ಹೇಳಿದ. "ಸಾರ್, ನಿಮ್ಮ ಗಾಡಿಗೇನೂ ಕಾಯಿಲೆ ಇಲ್ಲ. ಎಣ್ಣೆ ಜಾಸ್ತಿ ಆಗಿದೆ, ಅಷ್ಟೆ. ಮನುಷ್ಯ ಆಗಿದ್ರೆ ಇಷ್ಟೊತ್ತಿಗೆ ಚರಂಡೀಲಿ ಬಿದ್ದಿರ್ತಿದ್ದ."

ಕಾರು ಸಮತಟ್ಟಾದ ಜಾಗದಲ್ಲಿರಬೇಕು, ಇಂಜಿನ್ ನಿಂತು ಹತ್ತು ನಿಮಿಷವಾದರೂ ಆಗಿರಬೇಕು; ಆಗಲೇ ಮೇಲೆ ಹೋದ ಎಣ್ಣೆ ಕೆಳಗಿಳಿದು ಕಡ್ಡಿಯಲ್ಲಿ ಸರಿಯಾದ ಅಳತೆ ಕಾಣುವುದು ಎಂದು ವಿವರಿಸಿದ. ಇಳಿಜಾರಿನಲ್ಲಿ, ಬಿಸಿಬಿಸಿಯಾಗಿ ನೋಡಿದರೆ ತುಂಬಿದ್ದೂ ಖಾಲಿ ಕಾಣುತ್ತದೆ. ಆಮೇಲೆ ಅವನಿಗೇ ಅನುಮಾನ ಬಂತು. "ಅಲ್ಲ, ಅಕ್ಕನಿಗೆ ಇದೆಲ್ಲ ಚೆನ್ನಾಗಿ ಗೊತ್ತಲ್ಲ. ಅವರು ಊರಲ್ಲಿರಲಿಲ್ವಾ?"

ಯಾವ ಅಕ್ಕ ಎಂದರು ಮೇಷ್ಟ್ರು. ನಿಮ್ಮ ಮನೆಯವರೇ ಸಾರ್ ಎಂದ ಗ್ರೀಸಣ್ಣ. ಮಗಳು ಇನ್ನೂ ಎದೆಹಾಲು ಕುಡಿಯುವಾಗಲೇ ಅವನ ಹತ್ತಿರ ಬಂದು ಎಲ್ಲ ಕಲಿತುಕೊಂಡಿದ್ದರಂತೆ. ಪ್ರತಿ ಭಾನುವಾರ ಎಣ್ಣೆ, ರೇಡಿಯೇಟರಿನ ನೀರು, ಬೆಲ್ಟು ನೋಡುವುದು. ಎಣ್ಣೆ ಬದಲಿಸುವ ದಿನ ಬಂದರೆ ಅವನಿಗೆ ಫೋನು ಮಾಡುವುದು.

ಭಾನುವಾರ ಹೆಂಡತಿ ಬಟ್ಟೆಯ ಚೂರು ಹಿಡಿದು ಕಾರಿನ ಹತ್ತಿರ ಹೋಗುವುದನ್ನು ಮೇಷ್ಟ್ರು ನೋಡಿದ್ದರು. ಧೂಳು ಒರೆಸುತ್ತಾಳೆ ಎಂದುಕೊಂಡಿದ್ದರು. ಮನೆಗೆ ಬಂದು ಕೇಳಿದರೆ ಹೆಂಡತಿ ಮಗುವನ್ನು ತಟ್ಟುತ್ತಾ, ಹೇಳಿದ್ದರೆ ನೀವೂ ಸೇರಿಕೊಳ್ತಿದ್ರಿ, ಅದಕ್ಕೇ ಹೇಳಲಿಲ್ಲ ಎಂದರು. ಯಾವಾಗಲೋ ಒಮ್ಮೊಮ್ಮೆ ನೋಡಿರಬಹುದು, ಗ್ರೀಸಣ್ಣ ಸ್ವಲ್ಪ ಬಣ್ಣ ಕಟ್ಟಿದ್ದಾನೆ ಎಂದು ಮೇಷ್ಟ್ರು ತಮ್ಮಷ್ಟಕ್ಕೆ ತೀರ್ಮಾನಿಸಿ ಮಾನ ಉಳಿಸಿಕೊಂಡರು.

ಕಾರು ನಾಲ್ಕೇ ದಿನದಲ್ಲಿ ಗಡಿಯಾರದ ಹಾಗೆ ಓಡುವಂತಾಗಿ ಬಂತು. ಮಗುವಿಗೆ ಲಸಿಕೆ ಹಾಕಿಸುವ ದಿನ ಅಳಿಯ ಕೆಲಸದ ಮೇಲೆ ಹೋಗಿದ್ದ. ಲೈಸೆನ್ಸಿದ್ದೂ ಸ್ಟಿಯರಿಂಗ್ ಸಿಗದ ಅಮ್ಮ ಓಡಿಸುವುದಾದರೆ ಮಾತ್ರ ಬರುತ್ತೇನೆ ಎಂದಳು ಮಗಳು. ಸೊಂಟನೋವಿನ ಮಗಳು ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ ಕೂತಳು. ಮಗುವನ್ನು ಎತ್ತಿಕೊಂಡು ಮೇಷ್ಟ್ರು ಹೆಂಡತಿಯ ಹಿಂದಿನ ಸೀಟಿಗೆ ಹೋದರು. ಮೊಮ್ಮಗಳು ಅಂತೂ ಇದೇ ಕಾರಿನಲ್ಲಿ, ಅದೂ ತಮ್ಮ ತೊಡೆಯ ಮೇಲೆ! ಮೇಷ್ಟ್ರು ಮಗುವಿನ ಹೊದಿಕೆಯನ್ನು ಗಲ್ಲದವರೆಗೆ ಎಳೆದು ಸರಿಮಾಡಿದರು. ಇಷ್ಟು ವರ್ಷದಲ್ಲಿ ತಾವು ಈ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದು ಇದೇ ಮೊದಲು ಎಂಬುದೂ ಆಗಲೇ ಹೊಳೆಯಿತು.

ತಲೆ ಎತ್ತಿದರೆ ಎದುರಿಗೆ ಡ್ರೈವರ್ ಸೀಟಿನ ಬೆನ್ನು. ಅದರ ರೆಕ್ಸಿನ್ನಿನ ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದ ಒಂದು ಚಿತ್ರ. ಬಾನೆಟ್ಟು ತೆರೆದ ಕಾರು, ಅದರೊಳಗೆ ಬಗ್ಗಿದ ಒಂದು ಜಡೆ. ಪಕ್ಕದಲ್ಲಿ ಕುರ್ಚಿಯ ಮೇಲೆ ಕಾಲುಗಳು, ಕಾಲುಗಳ ಮೇಲೆ ಅಗಲವಾದ ಪೇಪರು, ಪೇಪರಿನ ಮೇಲೆ ಒಂದು ಜೊತೆ ಕನ್ನಡಕ. ಕೆಳಗೆ ಮಗಳ ಎರಡನೇ ಕ್ಲಾಸಿನ ದುಂಡಕ್ಷರ: "ಭಾನುವಾರ. ಅಮ್ಮ ರಿಪೇರಿ. ಅಪ್ಪ ಪೇಪರಿ."

ಹತ್ತೊಂಬತ್ತು ವರ್ಷದಿಂದ ಈ ಸೀಟಿನಲ್ಲಿ ಕೂತ ನೆಂಟರು, ಸ್ನೇಹಿತರು, ಬೀಗರು ಎಲ್ಲರೂ ಇದನ್ನು ಓದಿಕೊಂಡೇ ಪ್ರಯಾಣ ಮಾಡಿದ್ದಾರೆ. ಓದದೆ ಉಳಿದವರು ಡ್ರೈವರ್ ಒಬ್ಬರೇ.

ಹೆಂಡತಿ ಕನ್ನಡಿಯಲ್ಲಿ ನೋಡಿದರು. "ಯಾಕ್ರೀ, ಹಿಂದೆ ಮಾತೇ ಇಲ್ಲ?"

"ಏನಿಲ್ಲ ಕಣೇ," ಎಂದರು ಮೇಷ್ಟ್ರು, "ಪೇಪರ್ ಓದ್ತಾ ಇದೀನಿ."