ಊರ್ಡಿಗೆರೆಯ ಬಾಣಂತಿ ಶಾರ್ಕ್

ತುಮಕೂರು ಜಿಲ್ಲೆಗೆ ಸಮುದ್ರವಿಲ್ಲ. ಆದರೆ ಆಳಕ್ಕೇನೂ ಕೊರತೆಯಿಲ್ಲ. ಈ ಎರಡು ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿಯೇ ಆಳನೀರು ಜೀವಿ ರಕ್ಷಣಾ ನಿಗಮವು ಶಿರಾ ಗೇಟ್ ಬಳಿ, ಬೇಕರಿಯೊಂದರ ಮಹಡಿಯಲ್ಲಿ ಕಚೇರಿ ತೆರೆಯಿತು.

ನಿಗಮದ ಪಾಲಿಗೆ ಬಂದ ಜೀವಿ ಒಂದು ಪುಟ್ಟ ಶಾರ್ಕ್. ಮೊಳದುದ್ದವೂ ಇಲ್ಲ. ಕಣ್ಣು ದೊಡ್ಡದು, ಹೊಟ್ಟೆ ಕತ್ತಲಲ್ಲಿ ಮಿನುಗುತ್ತದೆ. ಸಾವಿರ ಅಡಿಗಿಂತ ಕೆಳಗೆ, ಬಿಸಿಲು ಮುಟ್ಟದ ತಣ್ಣೀರಿನಲ್ಲಿ ವಾಸ. ಅಂಥ ಜಾಗ ನಮ್ಮಲ್ಲಿ ಬೋರ್‌ವೆಲ್ ಬಿಟ್ಟರೆ ಬೇರೆಲ್ಲಿದೆ? ಅಧಿಕಾರಿ ರೇಣುಕಾಪ್ರಸಾದರು ಸಮೀಕ್ಷೆಗಾಗಿ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವ ಗುಬ್ಬಿಯ ಚಿಕ್ಕರಂಗಯ್ಯನನ್ನು ತಜ್ಞನೆಂದು ನೇಮಿಸಿದರು. ಊರ್ಡಿಗೆರೆಯ ಹೊಂಬಾಳಮ್ಮನ ಬೋರ್‌ವೆಲ್ ಬಳಿ ಕಾಯಿ ನೆಟ್ಟಗೆ ಎದ್ದು ನಿಂತಿತು.

"ಶಾರ್ಕೇ ಸಾರ್," ಎಂದ ಚಿಕ್ಕರಂಗಯ್ಯ. "ಬರೀ ನೀರಾಗಿದ್ರೆ ಕಾಯಿ ಇಷ್ಟು ಜೋರಾಗಿ ಏಳ್ತಿರ್ಲಿಲ್ಲ."

ಜೀವಿಗೆ ಸದ್ದಿನಿಂದ ತೊಂದರೆಯಾಗಬಾರದೆಂದು ಅಂದೇ ಮೋಟರಿಗೆ ಸೀಲು ಬಿತ್ತು. ಹೊಂಬಾಳಮ್ಮನಿಗೆ ಎರಡು ಸೀಮೆಹಸು, ಮನೆ ತುಂಬ ಜನ; ಬೇರೆ ನೀರಿಲ್ಲ. ಆಕೆ ಬಸ್ಸು ಹತ್ತಿ ಕಚೇರಿಗೆ ಬಂದಳು.

"ಹಸ ಬಾಯ್ ಬಾಯ್ ಬಿಡ್ತಾವೆ ಸ್ವಾಮಿ. ನಿಮ್ ಮೀನ್ನ ಯಾರು ನೋಡವ್ರೆ?"

"ಯಾರ ಕಣ್ಣಿಗೂ ಬೀಳದಿರೋದೇ ಅದರ ಲಕ್ಷಣ ಕಣಮ್ಮ," ಎಂದರು ರೇಣುಕಾಪ್ರಸಾದರು. "ನಿಮ್ಮ ಬೋರಲ್ಲೂ ಯಾರೂ ನೋಡಿಲ್ಲ. ಎಲ್ಲಾ ತಾಳೆ ಆಗ್ತಿದೆ."

"ಅದು ಸಮುದ್ರದ್ದಂತಲ್ಲ?"

"ಸಮುದ್ರ ನಮ್ಮ ವ್ಯಾಪ್ತಿಗೆ ಬರಲ್ಲ. ಆಳ ಬರುತ್ತೆ."

ನೆತ್ತಿಗೇರಿದ ಸಿಟ್ಟನ್ನು ಹೊಂಬಾಳಮ್ಮ ನುಂಗಿಕೊಂಡಳು. "ಅದು ಮೊಟ್ಟೆ ಇಕ್ತದೋ, ಮರಿ ಹಾಕ್ತದೋ?"

"ಮೊಟ್ಟೆ ಹೊಟ್ಟೆಯೊಳಗೇ ಒಡೆದು ಜೀವಂತ ಮರಿ ಬರುತ್ತೆ."

"ಅಂಗಾದ್ರೆ ಬಾಣಂತಿ ಆಗ್ಲಿಲ್ವಾ? ಬಾಣಂತಿಗೆ ನೀರು ಹಾಕ್ದೆ ಯಾರಾದ್ರೂ ಬುಡ್ತಾರಾ ಸ್ವಾಮಿ? ಪಾಪ ಸುತ್ಕೊಳಲ್ವಾ?"

ರೇಣುಕಾಪ್ರಸಾದರ ಮನೆಯಲ್ಲೂ ಆಗ ಮಗಳ ಬಾಣಂತನ. ಅವರು ಕೂಡಲೇ ಕಡತ ತೆರೆದರು. ಸಂಜೆಯೊಳಗೆ ಆದೇಶ ಹೊರಟಿತು: ಸದರಿ ಶಾರ್ಕಿನ ಬಾಣಂತನಕ್ಕೆ ದಿನಕ್ಕೊಂದು ಟ್ಯಾಂಕರ್ ನೀರು, ಉಸ್ತುವಾರಿ ಶ್ರೀಮತಿ ಹೊಂಬಾಳಮ್ಮ, ಜೀವಿಯು ತಣ್ಣೀರಿನದಾದ್ದರಿಂದ ನೀರು ಕಾಯಿಸತಕ್ಕದ್ದಲ್ಲ. ಆ ಕೊನೆಯ ಸಾಲು ಓದಿ ನನಗಂತೂ ಕಣ್ಣು ತುಂಬಿ ಬಂತು. ಹೆತ್ತ ತಾಯಿಯೂ ಇಷ್ಟು ಯೋಚಿಸುವುದಿಲ್ಲ.

ಈಗ ದಿನವೂ ಟ್ಯಾಂಕರ್ ಬರುತ್ತದೆ. ಅದನ್ನು ಯಾರ ಬೋರ್‌ವೆಲ್ಲಿನಿಂದ ತುಂಬಿಸುತ್ತಾರೆಂಬುದು ನಿಗಮದ ವ್ಯಾಪ್ತಿಗೆ ಬರುವುದಿಲ್ಲ. ಹೊಂಬಾಳಮ್ಮ ಒಂದು ಚೊಂಬು ಬೋರಿಗೆ ಸುರಿದು, ಉಳಿದದ್ದನ್ನು ತೊಟ್ಟಿಗೆ ಬಿಡಿಸಿಕೊಳ್ಳುತ್ತಾಳೆ. ಹಸುಗಳು ಹೊಟ್ಟೆ ತುಂಬ ಕುಡಿಯುತ್ತವೆ. ಊರವರೆಲ್ಲ ಚಿಕ್ಕರಂಗಯ್ಯನನ್ನು ಕರೆಸಿ ತಂತಮ್ಮ ಬೋರ್‌ವೆಲ್ ಬಳಿ ಕಾಯಿ ಹಿಡಿಸುತ್ತಿದ್ದಾರೆ. ಕಾಯಿ ಇನ್ನೂ ಎಲ್ಲಿಯೂ ಮಲಗಿಲ್ಲ.

ಮೊನ್ನೆ ಮರಿಗಳ ನಾಮಕರಣ. ರೇಣುಕಾಪ್ರಸಾದರು ಒಬ್ಬಟ್ಟು ಉಂಡು, ಬೋರ್‌ವೆಲ್ಲಿನ ಮುಚ್ಚಳಕ್ಕೆ ಅಕ್ಷತೆ ಹಾಕಿ ಹರಸಿದರು. ಮುಚ್ಚಳ ತೆಗೆದು ನೋಡೋಣವೆಂದು ಯಾರೂ ಅನ್ನಲಿಲ್ಲ. ಬಾಣಂತಿ ಕೋಣೆಗೆ ಹಾಗೆಲ್ಲ ಇಣುಕಬಾರದು.